ಮೂರಕ್ಕೂ ಒಂದೇ ಆಲ್ಫಾ

ಇವತ್ತು ಅಕ್ಕನ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಅವಳಿಗೆ ಈಗ ಮೂರನೇ ತಿಂಗಳು. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು ಟಿಎಸ್‌ಎಚ್ ಸ್ವಲ್ಪ ಕಡಿಮೆ. ಡಾಕ್ಟರು ನೋಡಿ, "ಶುರುವಿನಲ್ಲಿ ಹೀಗಾಗೋದು ಇದ್ದದ್ದೇ" ಅಂದರು.

ಯಾಕೆ ಅಂತ ಓದುತ್ತಾ ಕೂತೆ. ಎಷ್ಟು ಚೆಂದ ಇದೆ ಗೊತ್ತಾ!

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಟಿಎಸ್‌ಎಚ್, ಅಂಡಾಶಯಕ್ಕೆ ಹೋಗುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು, ಮೂರೂ ಸಕ್ಕರೆ ಸರಪಳಿ ಅಂಟಿಕೊಂಡ ಪ್ರೋಟೀನುಗಳು. ಪ್ರತಿಯೊಂದರಲ್ಲೂ ಎರಡು ತುಂಡು. ಆಲ್ಫಾ ಮೂರಕ್ಕೂ ಒಂದೇ, 92 ಅಮೈನೋ ಆಮ್ಲಗಳದ್ದು. ಬೀಟಾ ಮಾತ್ರ ಬೇರೆ ಬೇರೆ. ಥೈರಾಯ್ಡನ್ನು ಮುಟ್ಟಬೇಕೋ, ಅಂಡಾಶಯವನ್ನೋ ಅಂತ ತೀರ್ಮಾನ ಆಗೋದು ಅದರಿಂದಲೇ.

ಬಸಿರಿನಲ್ಲಿ ಮಾಸು ಮಾಡುವ ಎಚ್‌ಸಿಜಿ ಅನ್ನೋ ಹಾರ್ಮೋನಿನಲ್ಲೂ ಅದೇ ಆಲ್ಫಾ. ಬೀಟಾ ಕೂಡ ಟಿಎಸ್‌ಎಚ್‌ನದನ್ನು ಒಂದಿಷ್ಟು ಹೋಲುತ್ತದೆ. ಹಾಗಾಗಿ ಎಚ್‌ಸಿಜಿ ತುಂಬಾ ಏರಿದಾಗ ಥೈರಾಯ್ಡನ್ನೂ ಕೊಂಚ ಎಬ್ಬಿಸುತ್ತದೆ. ಥೈರಾಯ್ಡಿಗೆ ಆಗಲೇ ಚುರುಕು ಸಿಕ್ಕಿರೋದರಿಂದ ಪಿಟ್ಯುಟರಿ ತನ್ನ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ಅಷ್ಟೇ!

ನನಗೆ ಜಾಸ್ತಿ ಹಿಡಿಸಿದ್ದು ಆ ಸಕ್ಕರೆ. ಸುಮ್ನೆ ಅಲಂಕಾರಕ್ಕೆ ಇರೋದಲ್ಲ ಅದು. ಎಲ್‌ಎಚ್‌ನ ಸರಪಳಿಗಳ ತುದಿಯಲ್ಲಿ ಹೆಚ್ಚಾಗಿ ಸಲ್ಫೇಟ್ ಇರುತ್ತದೆ. ಲಿವರ್ ಅದನ್ನು ಗುರುತು ಹಿಡಿದು ಬೇಗ ರಕ್ತದಿಂದ ತೆಗೆದುಬಿಡುತ್ತದೆ. ಎಚ್‌ಸಿಜಿಯ ಸರಪಳಿಗಳ ತುದಿಯಲ್ಲಿ ಸಯಾಲಿಕ್ ಆಮ್ಲ ಅನ್ನೋ ಬೇರೆ ಥರದ ಸಕ್ಕರೆ, ಜೊತೆಗೆ ಸಕ್ಕರೆ ತುಂಬಿದ ಒಂದು ಉದ್ದದ ಬಾಲ. ಹಾಗಾಗಿ ರಕ್ತದಲ್ಲಿ ಎಚ್‌ಸಿಜಿ ಅರ್ಧಕ್ಕೆ ಇಳಿಯೋದಕ್ಕೇ ಒಂದು ದಿನ ಹಿಡಿಯುತ್ತದೆ. ಜೀವಕೋಶದ ಮೇಲೆ ಎರಡೂ ಹೋಗಿ ಕೂರುವ ಜಾಗ, ಅಂದರೆ ರಿಸೆಪ್ಟರ್, ಮಾತ್ರ ಒಂದೇ. ಎಲ್‌ಎಚ್ ಅಲೆಅಲೆಯಾಗಿ ಬಂದು ಹೋಗಬೇಕು, ಎಚ್‌ಸಿಜಿ ಬಸಿರನ್ನು ಬಿಡದೆ ಕಾಯಬೇಕು, ಅಲ್ವಾ?