ಹೊಸೂರು ರಸ್ತೆಯ ಆ ತುದಿ

ಚಂದಾಪುರಕ್ಕೆ ಬಂದು ಹನ್ನೆರಡು ವರ್ಷವಾಯಿತು. ‘ಹೊಸೂರು ರಸ್ತೆ’ ಅನ್ನುವ ಮಾತು ದಿನಕ್ಕೆ ಹತ್ತು ಸಲ ಬಾಯಿಗೆ ಬರುತ್ತದೆ. ಹೊಸೂರು ರಸ್ತೆಯಲ್ಲಿ ಜಾಮ್, ಹೊಸೂರು ರಸ್ತೆಯಲ್ಲಿ ಮಳೆನೀರು. ಆದರೆ ಆ ಹೊಸೂರಿನಲ್ಲಿ ನಾನು ಒಂದು ಸಲವೂ ಇಳಿದಿರಲಿಲ್ಲ. ಸೇಲಂ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಹೋದ ಭಾನುವಾರ ಬೆಳಿಗ್ಗೆ ಸುಮ್ನೆ ಹೊರಟೆ. ಇಲ್ಲಿಂದ ಹದಿನೈದು ಕಿಲೋಮೀಟರ್ ಆಸುಪಾಸು, ಅಷ್ಟೇ.

ಅತ್ತಿಬೆಲೆವರೆಗೆ ಬಿಎಂಟಿಸಿ ಬಸ್ಸು. ಮುಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ ಒಬ್ಬರು ಸೊಪ್ಪಿನ ಚೀಲ ಇಟ್ಟುಕೊಂಡು ಕೂತಿದ್ದರು. ಹಿಂದೆ ತಿರುಗಿ ಕೇಳಿದರು, “ಯಾವೂರಪ್ಪ ನಿಮ್ದು?”

“ಚಂದಾಪುರ.”

“ಅಲ್ಲಪ್ಪ, ನಿಮ್ಮೂರು?”

“ಅರಸೀಕೆರೆ ಹತ್ರ ಅಮ್ಮ.”

“ಹಾಂ,” ಅಂದರು, ಈಗ ಸರಿಯಾದ ಉತ್ತರ ಸಿಕ್ಕಿತು ಅನ್ನುವ ಹಾಗೆ. ನಮ್ಮ ಬಡಾವಣೆಗಳಲ್ಲಿ ಈ ಎರಡನೇ ಪ್ರಶ್ನೆ ಬಂದೇ ಬರುತ್ತದೆ. ಚಂದಾಪುರ ಅನ್ನುವುದು ಯಾರಿಗೂ ಪೂರ್ತಿ ಉತ್ತರವಲ್ಲ. ನಾವಿರುವುದು ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನಲ್ಲೇ. ಆದರೂ ಮೆಜೆಸ್ಟಿಕ್‌ಗೆ ಹೊರಟರೆ “ಸಿಟಿಗೆ ಹೋಗಿ ಬರ್ತೀನಿ” ಅನ್ನುತ್ತೇವೆ, ಅಲ್ವಾ? 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಬೊಮ್ಮಸಂದ್ರದವರೆಗೆ ಬಂತು. ಸಿಟಿ ಹತ್ತಿರವಾಯಿತು. ‘ಸಿಟಿಗೆ ಹೋಗೋದು’ ಅನ್ನುವ ಮಾತು ಮಾತ್ರ ಹಾಗೇ ಉಳಿದಿದೆ.

ಆ ಅಮ್ಮನ ತವರು ಹೊಸೂರು ಪಕ್ಕದ ಬಾಗಲೂರು. ಮದುವೆಯಾಗಿ ಬಂದದ್ದು ಆನೇಕಲ್ ಕಡೆಗೆ. ಮನೆಮಾತು ತೆಲುಗು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ತಮಿಳು. ಗಂಡನ ಮನೆಗೆ ಬಂದ ಮೇಲೆ ಕನ್ನಡ. ಕಂಡಕ್ಟರ್ ಅವರ ಆಧಾರ್ ನೋಡಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೊಟ್ಟರು. ಪಕ್ಕದಲ್ಲಿದ್ದ ಅವರ ತಂಗಿಯ ಮಗಳು ದುಡ್ಡು ಕೊಟ್ಟು ಟಿಕೆಟ್ ತಗೊಂಡಳು. ಅವಳ ಮನೆ ಜೂಜುವಾಡಿಯಲ್ಲಿ, ಗಡಿಯಿಂದ ನಾಲ್ಕು ಹೆಜ್ಜೆ ಆಚೆ. ಆಧಾರ್‌ನಲ್ಲಿ ಇರುವುದು ತಮಿಳುನಾಡಿನ ವಿಳಾಸ. “ಅಲ್ಲಿ ಟೌನ್ ಬಸ್ಸಲ್ಲಿ ನಂಗೂ ಫ್ರೀನೇ ಅಣ್ಣ,” ಅಂದಳು. ಬೇಜಾರೇನೂ ಇರಲಿಲ್ಲ ಅವಳ ಮುಖದಲ್ಲಿ. ಬೇಜಾರಾದದ್ದು ನನಗೆ.

ಅತ್ತಿಬೆಲೆಯಲ್ಲಿ ಇಳಿದೆ. 2023ರ ಅಕ್ಟೋಬರ್ 7ರಂದು ಇಲ್ಲೊಂದು ಪಟಾಕಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ಸತ್ತವರಲ್ಲಿ ಹೆಚ್ಚಿನವರು ತಮಿಳುನಾಡಿನ ಹುಡುಗರು, ದೀಪಾವಳಿ ಸೀಸನ್ನಿನ ಕೆಲಸಕ್ಕೆ ಬಂದವರು. ಕೊಳ್ಳುವವರು ನಾವು, ಬೆಂಗಳೂರಿನ ಕಡೆಯವರು. ಆ ದಾರಿಯಲ್ಲಿ ನಡೆಯುವಾಗ ಕಾಲು ತಾನಾಗಿ ನಿಧಾನವಾಯಿತು.

ಅಲ್ಲಿಂದ ಗಡಿಯನ್ನು ನಡೆದೇ ದಾಟಿದೆ. ನೋಡುವಂಥದ್ದು ಏನೂ ಇಲ್ಲ. ಲಾರಿಗಳ ಸಾಲು, ಟೀ ಅಂಗಡಿ. ಕನ್ನಡದ ಬೋರ್ಡು ಮುಗಿದು ತಮಿಳಿನ ಬೋರ್ಡು ಶುರು. ಮಣ್ಣು ಅದೇ ಕೆಂಪು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾದಾಗ ಬಸ್ಸುಗಳು ಇಲ್ಲೇ ನಿಂತಿದ್ದವು. ಜನ ಮಕ್ಕಳನ್ನು ಎತ್ತಿಕೊಂಡು, ಲಗೇಜು ಎಳೆದುಕೊಂಡು, ಆ ಬಸ್ಸಿಂದ ಇಳಿದು ಈ ಬಸ್ಸಿಗೆ ನಡೆದರು. ಬೇರೆ ದಿನ ಕಣ್ಣಿಗೇ ಬೀಳದ ಗೆರೆ ಅಂಥ ದಿನ ಎದ್ದು ನಿಲ್ಲುತ್ತದೆ. ಆಗ ಯಾರೂ ನಿಮ್ಮ ಮಾತು ಕೇಳುವುದಿಲ್ಲ, ಗಾಡಿಯ ನಂಬರ್ ಪ್ಲೇಟ್ ನೋಡುತ್ತಾರೆ.

ಈ ಗೆರೆ 1956ರಲ್ಲಿ ಭಾಷೆ ನೋಡಿ ಎಳೆದದ್ದು ಅಂತಲೇ ನಾನು ಅಂದುಕೊಂಡಿದ್ದೆ. ಹಾಗಲ್ಲ. ಹೊಸೂರು ಸೀಮೆ ಮೈಸೂರಿನ ಕೈಯಲ್ಲೇ ಇತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ರಾಜ್ಯ ಹಂಚಿದಾಗ ಇದು ಕಂಪನಿಯ ಪಾಲಾಯಿತು, ಸೇಲಂ ಜಿಲ್ಲೆಗೆ ಸೇರಿತು. ಭಾಷಾವಾರು ಪ್ರಾಂತ್ಯಗಳಾದಾಗಲೂ ಆ ಹಳೆಯ ಗೆರೆ ಹಾಗೇ ಉಳಿಯಿತು. ಗೆದ್ದವರು ಪಾಲು ಮಾಡಿಕೊಂಡ ಗಡಿ ಇದು. ಅದಕ್ಕೇ ತೆಲುಗು, ಕನ್ನಡ, ತಮಿಳು ಮೂರೂ ಗೆರೆಯ ಎರಡೂ ಕಡೆ ಇವೆ.

ಹೊಸೂರಿನಲ್ಲಿ ನಾನು ಮೊದಲು ಗಮನಿಸಿದ್ದು ಹೆಸರನ್ನು. ಹೊಸ ಊರು, ಹೊಸೂರು. ತಮಿಳು ಬೋರ್ಡಿನಲ್ಲಿ ಅದು ‘ಓಸೂರ್’. ಗಡಿ ದಾಟುವಾಗ ‘ಹ’ಕಾರ ಬಿದ್ದುಹೋಗಿದೆ. ಅರ್ಥ ಕನ್ನಡದಲ್ಲಿ ಉಳಿದಿದೆ, ಉಚ್ಚಾರ ತಮಿಳಿನದ್ದಾಗಿದೆ. ನನಗೆ ಇದು ತುಂಬಾ ಇಷ್ಟವಾಯಿತು. ಬೇರೆ ಊರಿಗೆ ಮದುವೆಯಾಗಿ ಹೋದ ಮಗಳನ್ನು ಅಲ್ಲಿನವರು ತಮ್ಮ ಬಾಯಿಗೆ ಒಗ್ಗುವ ಹಾಗೆ ಕರೆಯುತ್ತಾರಲ್ಲ, ಹಾಗೆ.

ಚಂದ್ರಚೂಡೇಶ್ವರನ ಬೆಟ್ಟ ಹತ್ತಿದೆ. ಮೇಲಿನಿಂದ ಊರು ಪೂರ್ತಿ ಕಾಣುತ್ತದೆ. 2019ರಲ್ಲಿ ಇದು ಮಹಾನಗರಪಾಲಿಕೆಯಾಯಿತು. ವಾಚು, ಬೈಕು, ಲಾರಿ ಎಲ್ಲಾ ಇಲ್ಲಿ ತಯಾರಾಗುತ್ತವೆ. ಮೆಟ್ಟಿಲ ಮೇಲೆ ಕೂತಿದ್ದ ಕುಟುಂಬವೊಂದರಲ್ಲಿ ಅಜ್ಜಿ ಕನ್ನಡದಲ್ಲಿ ಬೈಯುತ್ತಿದ್ದರು, ಮೊಮ್ಮಗ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಹೊಸೂರು ಹತ್ತಿರದ ತಳಿ ಅನ್ನುವ ಊರಿನ ಕಡೆಯವರಂತೆ. ಮೊಮ್ಮಗನಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಅಜ್ಜಿಗೆ ಸಂಕಟ. “ನಾನು ಸತ್ರೆ ಮನೇಲಿ ಕನ್ನಡನೂ ಸತ್ತಂಗೆ ಸಾರ್,” ಅಂದರು. ಈ ಸೀಮೆಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇವೆ. ಆದರೆ ಕೆಲಸ ಸಿಗುವುದು ಯಾವ ಭಾಷೆಯಲ್ಲಿ ಅಂತ ಅಪ್ಪ-ಅಮ್ಮ ಲೆಕ್ಕ ಹಾಕುತ್ತಾರೆ. ಹೊಟ್ಟೆಪಾಡಿನ ಲೆಕ್ಕ ಅದು, ಅವರನ್ನು ದೂರುವುದು ಸರಿಯಲ್ಲ. ನನ್ನ ಮಗಳು ಓದುತ್ತಿರುವುದೂ ಇಂಗ್ಲಿಷಿನಲ್ಲೇ.

ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ರಾಜಾಜಿ ಹುಟ್ಟಿದರು. ಓದಲು ಅವರು ಹೋದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಈಗಲೂ ದಿನಾ ಬೆಳಿಗ್ಗೆ ಈ ಊರಿನ ಹುಡುಗರು ಬ್ಯಾಗು ಹಾಕಿಕೊಂಡು ಅದೇ ದಿಕ್ಕಿಗೆ ಬಸ್ಸು, ರೈಲು ಹತ್ತುತ್ತಾರೆ.

ಮಧ್ಯಾಹ್ನ ಆಟೊ ಹಿಡಿದು ಕೆಲವರಪಳ್ಳಿ ಅಣೆಕಟ್ಟಿನ ಕಡೆ ಹೋದೆ. ದಕ್ಷಿಣ ಪಿನಾಕಿನಿಗೆ ಕಟ್ಟಿದ್ದು. ನದಿ ಹುಟ್ಟುವುದು ನಂದಿಬೆಟ್ಟದಲ್ಲಿ. ದಾರಿಯಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹರಿದುಬರುವ ಕೊಳಚೆ ಅದಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಬಾಗಿಲು ಎತ್ತಿದಾಗ ಬೆಳ್ಳನೆಯ ನೊರೆ ರಸ್ತೆಗೂ ಬರುತ್ತದೆ ಅಂತ ಆಟೊದವರು ಹೇಳಿದರು. ಆವತ್ತು ನೊರೆ ಕಡಿಮೆ ಇತ್ತು, ವಾಸನೆ ಇತ್ತು. ಪಕ್ಕದಲ್ಲೇ ಹೊಲಗಳು. ಅಲ್ಲಿ ಬೆಳೆದ ತರಕಾರಿ ಬೆಂಗಳೂರಿಗೆ ಬರುತ್ತದೆ. ಆಟೊದವರು ನಮ್ಮ ಮೇಲೆ ಸಿಟ್ಟಾಗಲಿಲ್ಲ. “ನಿಮ್ ಊರ್ ನೀರು ಸಾರ್,” ಅಂದರು, ಅಷ್ಟೇ. ನಾನು ಏನು ಹೇಳಬೇಕಿತ್ತು? ಹನ್ನೆರಡು ವರ್ಷದಲ್ಲಿ ಬೆಂಗಳೂರನ್ನು ‘ನಿಮ್ಮೂರು’ ಅಂತ ಯಾರಾದರೂ ನನಗೆ ಕೊಟ್ಟದ್ದು ಇದೇ ಮೊದಲು, ಕೊಟ್ಟದ್ದು ಅದರ ಕೊಳಚೆಯ ಜೊತೆಗೆ. ತಲೆ ತಗ್ಗಿಸಿ ಒಪ್ಪಿಕೊಂಡೆ. ನಮ್ಮದೇ ಅದು.

ಸಂಜೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ “ಬೆಂಗ್ಳೂರ್, ಬೆಂಗ್ಳೂರ್” ಅಂತ ಕೂಗುತ್ತಿದ್ದ ಬಸ್ಸು ಹತ್ತಿದೆ. ಪಕ್ಕದಲ್ಲಿ ಫ್ಯಾಕ್ಟರಿ ಯೂನಿಫಾರ್ಮ್ ಹಾಕಿದ್ದ ಹುಡುಗ. ಮೊದಲು ತಮಿಳಿನಲ್ಲೇ ಕೇಳಿದ, “ಎಂದ ಊರು?”

“ಚಂದಾಪುರ,” ಅಂದೆ. ಎರಡನೇ ಪ್ರಶ್ನೆಗೆ ಕಾದೆ.

“ಓ, ಪಕ್ಕದಲ್ಲೇ,” ಅಂದ ಕನ್ನಡದಲ್ಲಿ, ಕಿಟಕಿ ಸರಿಸಿ, ಕಾಲು ಮಡಚಿ ನನಗೆ ಜಾಗ ಮಾಡಿಕೊಟ್ಟ.