ಪದಕೋಶದ ಸರ್ವರ್: ಒಂದೇ ಮನೆಯಲ್ಲಿ ಎರಡು ಒಲೆ

ಶನಿವಾರ

ಅಡಿಕೆ ತೋಟದ ಪದಗಳನ್ನು ಕೂಡಿಡುತ್ತಿರುವ ನನ್ನ ಹಳೆಯ ಲ್ಯಾಪ್‌ಟಾಪನ್ನು ಡೆಬಿಯನ್ (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) 11ರಿಂದ 12ಕ್ಕೆ ಏರಿಸಿ ಹದಿನೈದು ದಿನವಾಯಿತು. ಪದಗಳನ್ನು ಇಟ್ಟಿರುವ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ ಕೂಡ ಜೊತೆಗೇ 13ರಿಂದ 15ಕ್ಕೆ ಬಂದಿದೆ ಎಂದು ನಂಬಿಕೊಂಡಿದ್ದೆ. ಇವತ್ತು ಕ್ಲಸ್ಟರ್‌ಗಳನ್ನು, ಅಂದರೆ ಯಂತ್ರದಲ್ಲಿರುವ ಪೋಸ್ಟ್‌ಗ್ರೆಸ್ ನೆಲೆಗಳನ್ನು, ಪಟ್ಟಿ ಮಾಡುವ ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಆಜ್ಞೆ ಹೊಡೆದರೆ ಎರಡು ಸಾಲು. 13 ಮೇನ್, ಪೋರ್ಟ್ (ಅಪ್ಲಿಕೇಶನ್ ಬಂದು ತಟ್ಟುವ ಬಾಗಿಲಿನ ಸಂಖ್ಯೆ) 5432, ಆನ್‌ಲೈನ್. 15 ಮೇನ್, ಪೋರ್ಟ್ 5433, ಅದೂ ಆನ್‌ಲೈನ್. ನನ್ನ 6,214 ಪದಗಳೂ ಇರುವುದು 13ರಲ್ಲಿ. 15 ಖಾಲಿ ಕೊಟ್ಟಿಗೆ.

ಡೆಬಿಯನ್ ಬೇಕೆಂದೇ ಹೀಗೆ ಮಾಡುತ್ತದೆ. ಹಳೆಯ ಆವೃತ್ತಿಯ ದತ್ತಾಂಶ ಕಡತಗಳನ್ನು ಹೊಸದು ನೇರವಾಗಿ ಓದಲಾರದು. ಹಾಗಾಗಿ ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ಹೊಸದನ್ನು ಹೂಡಿ, ಸಾಗಿಸುವ ಕೆಲಸವನ್ನು ಯಜಮಾನನಿಗೇ ಬಿಡುತ್ತದೆ. ಇನ್ನು ಮುಂದೂಡುವ ಹಾಗೂ ಇಲ್ಲ: 2020ರಲ್ಲಿ ಬಂದ 13ಕ್ಕೆ 2025ರ ನವೆಂಬರ್‌ನಲ್ಲೇ ಬೆಂಬಲ ಮುಗಿದಿದೆ.

ಕಡತಗಳನ್ನು ಹಾಗೆಯೇ ಜೋಡಿಸಿಕೊಳ್ಳುವ ಲಿಂಕ್ ವಿಧಾನ ಕ್ಷಣದಲ್ಲಿ ಮುಗಿಯುತ್ತದೆ. ಆದರೂ ನಾನು, ಎಲ್ಲವನ್ನೂ ಹೊರಗೆ ಬರೆದು ಹೊಸದರಲ್ಲಿ ತುಂಬುವ ಡಂಪ್ ವಿಧಾನವನ್ನೇ ಹಿಡಿದೆ. ನನ್ನ ಡೇಟಾಬೇಸಿನಲ್ಲಿ ಅಕ್ಷರಗಳ ಅನುಕ್ರಮವನ್ನು ಹೇಳುವುದು ವ್ಯವಸ್ಥೆಯ ಮೂಲ ಲೈಬ್ರರಿ ಜಿಲಿಬ್‌ಸಿ. ಅದು ಡೆಬಿಯನ್ ಜೊತೆಗೆ 2.31ರಿಂದ 2.36ಕ್ಕೆ ಹೋಗಿದೆ. ಅನುಕ್ರಮ ಎಳ್ಳಷ್ಟು ಬದಲಾಗಿದ್ದರೂ ಹಳೆಯ ಇಂಡೆಕ್ಸ್ (ಪದ ಹುಡುಕಿಕೊಡುವ ಸೂಚಿ) ದಾರಿ ತಪ್ಪಿಸುತ್ತದೆ: ‘ಸಿಂಗಾರ’ ಇದ್ದರೂ ಇಲ್ಲವೆನ್ನುತ್ತದೆ, ಇಲ್ಲವೆಂದುಕೊಂಡು ಇನ್ನೊಂದು ‘ಸಿಂಗಾರ’ವನ್ನು ಸೇರಿಸಿಕೊಳ್ಳುತ್ತದೆ. ಡಂಪ್ ಮಾಡಿದರೆ ಇಂಡೆಕ್ಸ್‌ಗಳೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಆರು ಸಾವಿರ ಪದಕ್ಕೆ ಅವಸರವೇನು?

ಭಾನುವಾರ

ಸಾಗಿಸುವ ಆಜ್ಞೆ ಕೊಟ್ಟೆ: ಪಿಜಿ_ಅಪ್‌ಗ್ರೇಡ್‌ಕ್ಲಸ್ಟರ್ 13 ಮೇನ್. ತಕ್ಷಣ ತಕರಾರು: 15 ಮೇನ್ ಆಗಲೇ ಇದೆಯಂತೆ. ಖಾಲಿ ಕೊಟ್ಟಿಗೆಯನ್ನು ಮೊದಲು ಕೆಡವಬೇಕು. ಕೆಡವುವ ಆಜ್ಞೆ ಪಿಜಿ_ಡ್ರಾಪ್‌ಕ್ಲಸ್ಟರ್ ‘ಖಚಿತವೇ?’ ಎಂದು ಕೇಳುವ ಜಾತಿಯದಲ್ಲ. 15 ಎನ್ನುವಲ್ಲಿ 13 ಎಂದು ಬೆರಳು ಜಾರಿದರೆ ಮೂರು ವರ್ಷದ ಕೆಲಸ ಮಣ್ಣುಪಾಲು. ಅದಕ್ಕೆ ಮೊದಲು 15ನ್ನು ನಿಲ್ಲಿಸಿ, ಆಮೇಲೆ ಸ್ಟಾಪ್ ಆಯ್ಕೆಯಿಲ್ಲದೆ ಡ್ರಾಪ್ ಕೊಟ್ಟೆ. ಓಡುತ್ತಿರುವ ಕ್ಲಸ್ಟರನ್ನು ಅದು ಹಾಗೆ ಅಳಿಸುವುದಿಲ್ಲ, ಅಷ್ಟರಮಟ್ಟಿಗೆ 13 ಕ್ಷೇಮ.

ಎರಡನೆಯ ಪ್ರಯತ್ನ ಚಹಾ ಆರುವುದರೊಳಗೆ ಮುಗಿಯಿತು. ಪೋರ್ಟ್‌ಗಳು ತಾವಾಗಿಯೇ ಅದಲುಬದಲಾಗಿ 15 ಈಗ 5432ರಲ್ಲಿದೆ. 13 ನಿಂತು 5433ಕ್ಕೆ ಸರಿದಿದೆ. ಅಪ್ಲಿಕೇಶನ್ನಿನ ಒಂದು ಸಾಲನ್ನೂ ಮುಟ್ಟಲಿಲ್ಲ.

ಬುಧವಾರ

ಬ್ಯಾಕಪ್ ಫೋಲ್ಡರ್ ತೆರೆದೆ. ಕಳೆದ ಮೂರು ರಾತ್ರಿಯ ಕಡತಗಳೂ ತಲಾ 20 ಬೈಟ್! ಏನೂ ಇಲ್ಲದ್ದನ್ನು, ಕಡತ ಕುಗ್ಗಿಸುವ ಜಿಜಿಪ್ ಗಂಟು ಕಟ್ಟಿದರೆ ಬರುವ ತೂಕ ಅದು. ಎಂದೋ ಬರೆದ ಸ್ಕ್ರಿಪ್ಟಿನಲ್ಲಿ, ಬ್ಯಾಕಪ್ ತೆಗೆಯುವ ಪಿಜಿ_ಡಂಪ್‌ಗೆ 13ರ ಫೋಲ್ಡರಿನ ಪೂರ್ತಿ ವಿಳಾಸವನ್ನೇ ಕೊಟ್ಟಿದ್ದೆ. ತನಗಿಂತ ಹೊಸ ಆವೃತ್ತಿಯ ಸರ್ವರಿನಿಂದ ಹಳೆಯ ಪಿಜಿ_ಡಂಪ್ ಏನನ್ನೂ ತೆಗೆದುಕೊಡುವುದಿಲ್ಲ. ದೋಷದ ಸಂದೇಶವನ್ನು ಕಸದ ಬುಟ್ಟಿಗೆ ಕಳಿಸಿದವನೂ ನಾನೇ. ವಿಳಾಸ ತೆಗೆದು ಬರೀ ಪಿಜಿ_ಡಂಪ್ ಎಂದು ಬರೆದೆ. ಕಡತ 1 ಎಂಬಿಗಿಂತ ಕಡಿಮೆಯಾದರೆ ಮಿಂಚಂಚೆ ಬರುವಂತೆ ಎರಡು ಸಾಲು ಸೇರಿಸಿದೆ.

ಶನಿವಾರ

ನಿನ್ನೆಯ ಬ್ಯಾಕಪ್ಪನ್ನು ಬೇರೆ ಹೆಸರಿನಲ್ಲಿ ಇಳಿಸಿ ಎಣಿಸಿದೆ: 6,231. ವಾರದಲ್ಲಿ ಸೇರಿಸಿದ ಹದಿನೇಳು ಪದಗಳೂ ಇವೆ, ಕೊನೆಯದು ‘ಚೊಗರು’. ಆಮೇಲೆಯೇ 13ಕ್ಕೆ ಡ್ರಾಪ್ ಕೊಟ್ಟೆ, ಸಂಖ್ಯೆಯನ್ನು ಎರಡು ಸಲ ಓದಿ.