ಎಮ್ಮಾರೈ ಆಗಿದೆಯಲ್ಲ, ಮತ್ತೆ ಇದ್ಯಾಕೆ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡೋದು ಇವತ್ತಿಂದ ಬಂದ್. ಒಂದ್ಸಲ ಬರೆದಿಡ್ತೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ವಾಟ್ಸಾಪಲ್ಲಿ ತಳ್ತೀನಿ, ಓದಿದ್ರೆ ಓದ್ಲಿ, ಬಿಟ್ರೆ ಬಿಡ್ಲಿ.

ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟು. ಅಂದ್ರೆ ಸ್ವಲ್ಪ ವಿಕಿರಣ ಇರೋ ಔಷಧಿ ಚುಚ್ಚಿ, ಅದು ಮೈಯೊಳಗೆ ಎಲ್ಲೆಲ್ಲಿ ಹೋಗಿ ನಿಂತಿದೆ ಅಂತ ಚಿತ್ರ ತೆಗೆಯೋ ಕೆಲಸ. ಬೆಂಗಳೂರಲ್ಲಿ ಒಂದು ಆಸ್ಪತ್ರೆ, ಬೇಸ್‌ಮೆಂಟು, ಪಾರ್ಕಿಂಗ್ ಪಕ್ಕ ನಮ್ಮ ಡಿಪಾರ್ಟ್‌ಮೆಂಟು, ಬಾಗಿಲ ಮೇಲೆ ಹಳದಿ ಬೋರ್ಡು. ಡಾಕ್ಟ್ರಲ್ಲ, ಸಿಸ್ಟರೂ ಅಲ್ಲ (ದಿನಕ್ಕೆ ಐವತ್ತು ಸಲ ಸಿಸ್ಟರ್ ಅನ್ನಿಸ್ಕೋತೀನಿ, ತಿದ್ದೋದು ಬಿಟ್ಟು ವರ್ಷಗಳಾದ್ವು), ಕೈಗಾದಲ್ಲೂ ಇಲ್ಲ. ನ್ಯೂಕ್ಲಿಯರ್ ಅಂದ ತಕ್ಷಣ ಮದುವೆಮನೇಲಿ ಕೈಲಿ ಹೋಳಿಗೆ ಹಿಡ್ಕೊಂಡೇ ಒಂದು ಹೆಜ್ಜೆ ಹಿಂದೆ ಹೋದ ದೊಡ್ಡಪ್ಪ ಒಬ್ರಿದ್ದಾರೆ ನಂಗೆ. ಅವರ ಅನುಮಾನವನ್ನ ಇನ್ನೊಂದು ದಿನ ನೋಡ್ಕೊಳೋಣ.

ಪ್ರಶ್ನೆ ಇದು: ತಲೆಯಲ್ಲಿ ಗಡ್ಡೆ ಇದೆ ಅಂತ ಎಮ್ಮಾರೈಲಿ ಗೊತ್ತಾಗಿದೆಯಲ್ಲ, ಮತ್ತೆ ನಿಮ್ಮ ಸ್ಕ್ಯಾನ್ ಯಾಕೆ? ಇಷ್ಟೇ ಕೇಳಿದ್ರೆ ಬೇಜಾರಿರ್ಲಿಲ್ಲ, ನ್ಯಾಯವಾದ ಪ್ರಶ್ನೆನೇ. ಆದ್ರೆ ಯಾರೂ ಇಷ್ಟೇ ಕೇಳಲ್ಲ. "ಎಲ್ಲಾ ದುಡ್ಡು ಹೊಡಿಯೋಕೆ ಅಲ್ವಾ ಸಿಸ್ಟರ್, ನಮಗೆ ಗೊತ್ತಿಲ್ವಾ" ಅಂತ ಒಂದು ನಗು ಸೇರಿಸಿ ಕೇಳ್ತಾರೆ. ಆ ನಗು ಇದೆಯಲ್ಲ, ಅದು ನನ್ನ ತಲೆ ಕೆಡ್ಸುತ್ತೆ. ಆಸ್ಪತ್ರೆಗಳು ದುಡ್ಡು ಹೊಡಿಯಲ್ಲ ಅಂತ ನಾನೇನೂ ಆಣೆ ಮಾಡಲ್ಲ, ನನ್ನ ಸಂಬಳದ ಸ್ಲಿಪ್ ತೋರಿಸ್ಬಲ್ಲೆ ಅಷ್ಟೆ.

ನೆನಪಾಗೋದು ತಿಪಟೂರು ಕಡೆಯವರೊಬ್ರು. ತೆಂಗಿನ ತೋಟದವರು, ಅಮ್ಮನ್ನ ಕರ್ಕೊಂಡು ಬಂದಿದ್ರು. ಅಮ್ಮ ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು, ಗಣಿತ. ಎಡಗಡೆ ಮುಂಭಾಗದಲ್ಲಿ ಗಡ್ಡೆ, ಗ್ಲಯೋಮಾ ಅಂತ, ಮೆದುಳಲ್ಲೇ ಹುಟ್ಟೋ ಥರದ್ದು, ಆಪರೇಷನ್ ಆಗಿ ಕರೆಂಟ್ ಕೊಟ್ಟು (ರೇಡಿಯೋಥೆರಪಿಗೆ ನಮ್ಮ ಜನ ಕರೆಂಟ್ ಅನ್ನೋದು, ನಾನೂ ಅದನ್ನೇ ಅಂತೀನಿ) 30 ಸಿಟ್ಟಿಂಗ್ ಮುಗ್ಸಿ ಎರಡು ತಿಂಗಳಾಗಿತ್ತು. ಹೊಸ ಎಮ್ಮಾರೈಲಿ ಆಪರೇಷನ್ ಆದ ಜಾಗದ ಅಂಚಲ್ಲಿ ಬಿಳೀ ಹೊಳಪು. ಗಡ್ಡೆ ವಾಪಸ್ ಬಂತಾ ಇಲ್ವಾ, ಅದು ಪ್ರಶ್ನೆ. ನಮ್ಮಲ್ಲಿ ಎಂಡಿ ಮಾಡ್ತಿದ್ದ ಹುಡುಗಿಯೊಬ್ಳು ಇದೇ ವಿಷಯದ ಮೇಲೆ ಥೀಸಿಸ್ ಬರೀತಿದ್ಲು, ಗಡ್ಡೆಯಲ್ಲಿ ರಕ್ತದ ಹರಿವು ಹೇಗಿದೆ ಅಂತ, ಆ ಲೆಕ್ಕದಲ್ಲಿ ಇವರನ್ನ ನಮ್ಮ ಹತ್ರ ಕಳ್ಸಿದ್ರು. ಥೀಸಿಸ್ ಅಂದ್ಮೇಲೆ ಸ್ಕ್ಯಾನ್ ಫ್ರೀ.

ಮಗ ಬಂದು ಅದೇ ನಗು ನಕ್ಕು ಅದೇ ಪ್ರಶ್ನೆ ಕೇಳಿದ್ರು. ನಾನು ಗೆದ್ದೆ ಅಂದ್ಕೊಂಡು "ಸಾರ್, ನಿಮ್ಮ ಹತ್ರ ಒಂದು ರೂಪಾಯಿನೂ ತಗೊಳ್ತಿಲ್ಲ" ಅಂದೆ. ಅವರ ಮುಖ ಇನ್ನೂ ಬಿಗಿ ಆಯ್ತು. "ಫ್ರೀನಾ? ಅಂದ್ರೆ ಅಮ್ಮನ ಮೇಲೆ ಪ್ರಯೋಗನಾ?"

ದುಡ್ಡು ತಗೊಂಡ್ರೆ ಕಳ್ಳರು, ತಗೊಳ್ದೇ ಇದ್ರೆ ಇನ್ನೂ ದೊಡ್ಡ ಕಳ್ಳರು.

ಸರಿ, ತೋಟದವರು ತಾನೆ, ತೋಟದಲ್ಲೇ ಹೇಳೋಣ ಅಂತ ಕೂತೆ. ನಿಮ್ಮ ತೋಟದ ಸರ್ವೆ ನಕ್ಷೆ ಇರುತ್ತಲ್ಲ ಸಾರ್, ಯಾವ ಮರ ಎಲ್ಲಿದೆ, ಬದು ಎಲ್ಲಿದೆ, ಎಮ್ಮಾರೈ ಅಂದ್ರೆ ಆ ಥರ, ನಮ್ಮ ಯಾವ ಮಷೀನೂ ಅಷ್ಟು ಚೊಕ್ಕವಾಗಿ ತೋರ್ಸಲ್ಲ, ನಮ್ಮ ಚಿತ್ರ ಅದರ ಮುಂದೆ ಮಂಜು ಕವಿದ ಹಾಗಿರುತ್ತೆ, ಒಪ್ಕೋತೀನಿ. ಆದ್ರೆ ಇವತ್ತು ಬೆಳಿಗ್ಗೆ ಮೋಟ್ರು ಹಾಕಿದಾಗ ಯಾವ ಪಾತಿಗೆ ಎಷ್ಟು ನೀರು ಹೋಯ್ತು ಅನ್ನೋದು ನಕ್ಷೇಲಿ ಇರಲ್ಲ.

ಆ ಬಿಳೀ ಹೊಳಪು ಏನು ಅಂದ್ರೆ ಸೋರಿಕೆ. ಮೆದುಳಿನ ರಕ್ತನಾಳಗಳಿಗೆ ಬೇರೆ ಕಡೆ ಇಲ್ಲದ ಬಿಗಿ ಕಾವಲಿದೆ, ಸಿಕ್ಕಿದ್ದನ್ನೆಲ್ಲ ಒಳಗೆ ಬಿಡಲ್ಲ. ಎಮ್ಮಾರೈ ಚಿತ್ರದಲ್ಲಿ ಎದ್ದು ಕಾಣ್ಲಿ ಅಂತ ಚುಚ್ಚೋ ಗ್ಯಾಡೊಲಿನಿಯಂ ಕಾಂಟ್ರಾಸ್ಟು ಆ ಕಾವಲು ಮುರಿದಿರೋ ಕಡೆ ಸೋರಿ ಹೊಳೆಯುತ್ತೆ. ಗಡ್ಡೆ ತನಗೆ ಅಂತ ಅರ್ಜೆಂಟಲ್ಲಿ ಬೆಳೆಸ್ಕೊಳೋ ಹೊಸ ನಾಳಗಳು ಅಂಕುಡೊಂಕು, ಕಳಪೆ ಕಾಮಗಾರಿ, ಸೋರುತ್ವೆ. ಕರೆಂಟ್ ಏಟಿಗೆ ಸಿಕ್ಕಿದ ಹಳೇ ನಾಳಗಳೂ ಸೋರುತ್ವೆ. ಎರಡೂ ಒಂದೇ ಥರ ಹೊಳೆಯುತ್ವೆ! ಕರೆಂಟ್ ಮುಗಿದ ಮೊದಲ ಮೂರು ತಿಂಗಳಲ್ಲಿ ಈ ಫಜೀತಿ ಜಾಸ್ತಿ, ಗಡ್ಡೆ ಬೆಳೀತಿದೆ ಅನ್ನೋ ಹಾಗೆ ಕಾಣುತ್ತೆ, ಬೆಳೀತಿರಲ್ಲ, ಡಾಕ್ಟ್ರುಗಳು ಸೂಡೋಪ್ರೋಗ್ರೆಷನ್ ಅಂತಾರೆ. ತಿರುಗ್ಸಿನೂ ಆಗುತ್ತೆ, ಬೆವಾಸಿಜುಮಾಬ್ ಅಂತ ಒಂದು ಔಷಧಿ ಕೊಟ್ರೆ ಸೋರಿಕೆ ನಿಲ್ಲುತ್ತೆ, ಹೊಳಪು ಹೋಗುತ್ತೆ, ಮನೆಯವರು ಸ್ವೀಟ್ ಹಂಚ್ತಾರೆ, ಗಡ್ಡೆ ಒಳಗೆ ಹಾಗೇ ಕೂತಿರಬಹುದು. ಹಂಗಾಗಿ ಸೋರಿಕೆ ಬಿಟ್ಟು ಹರಿವು ನೋಡು ಅಂತ. ಸುಟ್ಟ ಜಾಗಕ್ಕೆ ರಕ್ತ ಕಮ್ಮಿ ಹೋಗುತ್ತೆ, ಬೆಳೆಯೋ ಗಡ್ಡೆ ಅಕ್ರಮ ಪಂಪ್‌ಸೆಟ್ ಹಾಕ್ಕೊಂಡು ಎಳೀತಿರುತ್ತೆ. ಯಾವಾಗ್ಲೂ ಅಲ್ಲ, ದೊಡ್ಡ ಗಡ್ಡೆಯ ನಡುಭಾಗ ರಕ್ತ ಸಾಲದೆ ತಾನೇ ಸತ್ತಿರುತ್ತೆ, ಅಂಚಲ್ಲಿ ಮಾತ್ರ ಜೋರು.

"ನಕ್ಷೆ ಬೇರೆ, ನೀರು ಬೇರೆ" ಅಂದ್ರು ಮಗ. ಹ್ಞೂಂ ಅಂದೆ. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?" ಅಂದ್ರು. ನೀವು ಮೊದ್ಲು ದುಡ್ಡಿನ ವಿಷಯ ತೆಗೀದೇ ಇದ್ದಿದ್ರೆ ಹೇಳ್ತಿದ್ದೆ ಅನ್ನಲಿಲ್ಲ. ಇಲ್ಲಿ ಅಂತಿದೀನಿ.

ಓದೋರಲ್ಲಿ ತಿಳಿದೋರೊಬ್ರು ಈಗ ಎದ್ದು ನಿಲ್ತಾರೆ, ಗೊತ್ತು. ರಕ್ತದ ಹರಿವನ್ನ ಎಮ್ಮಾರೈನಲ್ಲೇ ನೋಡಬಹುದಲ್ಲ, ಪರ್ಫ್ಯೂಷನ್ ಎಮ್ಮಾರೈ ಇದೆಯಲ್ಲ. ಇದೆ. ಈಗ ಬಹಳಷ್ಟು ಕಡೆ ಅದರಲ್ಲೇ ಕೆಲಸ ಮುಗಿಯುತ್ತೆ. ಅದಕ್ಕೇ ಥೀಸಿಸ್ಸು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ. ನಮ್ಮ ಸ್ಕ್ಯಾನಿಗೂ ಹುಳುಕಿದೆ, ನಾವು ಕೊಡೋ ಔಷಧಿ ಗಡ್ಡೆಯೊಳಗೆ ಆರೋಗ್ಯದ ಮೆದುಳಲ್ಲಿ ನಿಂತ ಹಾಗೇ ನಿಲ್ಲುತ್ತೆ ಅಂತೇನಿಲ್ಲ. ಹರಿವನ್ನ ಅಳೆಯೋದ್ರಲ್ಲಿ ಎಲ್ಲರೂ ಒಪ್ಪೋ ಅಳತೆಗೋಲು ಅಂದ್ರೆ ಆಕ್ಸಿಜನ್-15 ಹಾಕಿದ ನೀರಿನ ಪೆಟ್ ಸ್ಕ್ಯಾನು, ಅದರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯೋ ಹೊತ್ತು) ಎರಡೇ ನಿಮಿಷ, ಅದನ್ನ ತಯಾರಿಸೋ ಸೈಕ್ಲೋಟ್ರಾನ್ ಮಷೀನು ಪಕ್ಕದ ರೂಮಲ್ಲೇ ಇರಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಒಂದ್ಸಲ ಕೆಂಪು ಬಿತ್ತು ಅಂದ್ರೆ ಅರ್ಧ ಮುಗೀತು. ಆದ್ರೆ "ಎಮ್ಮಾರೈ ಇರೋವಾಗ ಇದೆಲ್ಲ ಯಾಕೆ" ಅಂತ ನಮ್ಮನ್ನ ಆಮೇಲೆ ಬಂದೋರ ಥರ ನೋಡ್ಬೇಡಿ. 1948ರಲ್ಲೇ ಅಮೆರಿಕದ ಮಿನೆಸೋಟದಲ್ಲಿ ಜಾರ್ಜ್ ಮೂರ್ ಅನ್ನೋ ಸರ್ಜನ್ ವಿಕಿರಣದ ಅಯೋಡಿನ್ ಸೇರ್ಸಿದ ಬಣ್ಣ ಕೊಟ್ಟು ತಲೆ ಗಡ್ಡೆ ಹುಡುಕಿದ್ರು. ಆಗ ಸೀಟಿ ಸ್ಕ್ಯಾನ್ ಇಲ್ಲ, ಎಮ್ಮಾರೈ ಹೆಸರೂ ಇಲ್ಲ. ಹಿರೀಮಗಳು ನಾವು, ಆಸ್ತಿ ಎಲ್ಲಾ ಕಿರಿಯವನಿಗೆ ಹೋಯ್ತು.

ನಮ್ಮಲ್ಲಿ ಬಳಸೋದು ಟೆಕ್ನೀಷಿಯಂ ಅನ್ನೋ ವಿಕಿರಣದ ಧಾತು. ಒಂದು ಸೀಸದ ಡಬ್ಬಿ ಬರುತ್ತೆ, ಜನರೇಟರ್ ಅಂತ, ಒಳಗೆ ಮಾಲಿಬ್ಡಿನಮ್, 66 ಗಂಟೆ ಅರ್ಧಾಯುಷ್ಯ, ಅದು ಕರಗ್ತಾ ಕರಗ್ತಾ ಟೆಕ್ನೀಷಿಯಂ ಕೊಡ್ತಾ ಇರುತ್ತೆ. ಬೆಳಿಗ್ಗೆ ಸಲೈನ್ ಹಾಯ್ಸಿ ಅದನ್ನ ತೆಗೀತೀವಿ. ನಮ್ಮ ಲೈನಲ್ಲಿ ಜಗತ್ತಿನಾದ್ಯಂತ ಈ ಡಬ್ಬಿಗೆ ಹಸು ಅಂತಾರೆ, ತೆಗೆಯೋದಕ್ಕೆ ಹಾಲು ಕರೆಯೋದು ಅಂತಾರೆ, ತಮಾಷೆಗಲ್ಲ. ಒಂದ್ಸಲ ಕರೆದ್ರೆ ಕೆಚ್ಚಲು ಮತ್ತೆ ತುಂಬೋಕೆ ಹತ್ತಿರ ಹತ್ತಿರ 23 ಗಂಟೆ. ದಿನಾ ಬೆಳಿಗ್ಗೆ ಕರೀತೀವಿ, ದಿನಾ ಸ್ವಲ್ಪ ಕಮ್ಮಿ ಕೊಡುತ್ತೆ, ವಾರದ ಕೊನೆಗೆ ಗೊಡ್ಡು. ಅದನ್ನ ಮೆದುಳಿನೊಳಗೆ ಒಯ್ಯೋಕೆ ಆ ಹಾಲಿಗೆ ಎಚ್‌ಎಂಪಿಎಒ ಅನ್ನೋ ಪುಡಿ ಸೇರಿಸ್ಬೇಕು, ಸೇರಿಸಿದ ಅರ್ಧ ಗಂಟೆಯೊಳಗೆ ಚುಚ್ಚಬೇಕು, ಹಾಲೂ ಆಗ ತಾನೆ ಕರೆದಿದ್ದೇ ಆಗಬೇಕು. (ಅದರಿಂದ ಅಮ್ಮಂಗೆ ಏನಾಗುತ್ತೆ ಅಂದೋರಿಗೆ: ಸುಮಾರು 7 ಮಿಲಿಸೀವರ್ಟ್ ವಿಕಿರಣ, ನೆಲದಿಂದ ಆಕಾಶದಿಂದ ಗಾಳಿಯಿಂದ ಸುಮ್ನೆ ಕೂತಿದ್ರೂ ಮೂರು ವರ್ಷದಲ್ಲಿ ಸಿಗೋವಷ್ಟು. ಅಷ್ಟೆ, ಮುಂದೆ ಹೋಗೋಣ.)

ಇಲ್ಲಿಂದಾಚೆಗೆ ಯಾರೂ ಕೇಳದ ವಿಷಯ. ನಂಗೆ ಇಷ್ಟ ಇರೋದು ಇದೇ.

ಈ ಪದಾರ್ಥ ರಕ್ತದ ಜೊತೆ ಮೆದುಳಿಗೆ ಹೋಗಿ, ಒಂದೆರಡು ನಿಮಿಷದಲ್ಲಿ ಜೀವಕೋಶದ ಒಳಗೆ ರೂಪ ಬದಲಾಯಿಸ್ಕೊಂಡು ಸಿಕ್ಕಿಹಾಕ್ಕೊಳ್ಳುತ್ತೆ. ಆಮೇಲೆ ಜಾಗ ಬಿಟ್ಟು ಕದಲೋದು ತೀರಾ ಕಮ್ಮಿ. ರಕ್ತ ಆ ಕ್ಷಣಕ್ಕೆ ಎಲ್ಲಿ ಜಾಸ್ತಿ ಹೋಗ್ತಿತ್ತೋ ಅಲ್ಲಿ ಜಾಸ್ತಿ. ನಾವು ಗಾಮಾ ಕ್ಯಾಮೆರಾ ಕೆಳಗೆ ಮಲಗ್ಸೋದು ಒಂದು ಗಂಟೆ ಬಿಟ್ಟು, ಅಷ್ಟೊತ್ತಿಗೆ ಪೇಶೆಂಟು ಎದ್ದು ಓಡಾಡಿರಬಹುದು, ಮಗನ ಮೇಲೆ ರೇಗಿರಬಹುದು, ಅತ್ತಿರಬಹುದು, ಅದ್ಯಾವುದೂ ಚಿತ್ರದಲ್ಲಿ ಬರಲ್ಲ. ಬರೋದು ಸೂಜಿ ಕ್ಷಣ ಮಾತ್ರ.

ಅದಕ್ಕೇ ಆ ಕ್ಷಣ ಅಷ್ಟೊಂದು ಮಡಿ. ನೋವು ಮರೆತುಹೋಗ್ಲಿ ಅಂತ ಕ್ಯಾನುಲಾ ಮೊದ್ಲೇ ಹಾಕಿರ್ತೀವಿ. ಲೈಟ್ ಮಂದ, ಮೊಬೈಲ್ ಹೊರಗೆ, ಬೆಳಿಗ್ಗೆಯಿಂದ ಕಾಫಿ ಇಲ್ಲ (ಕಾಫಿ ಮೆದುಳಿನ ರಕ್ತದ ಹರಿವನ್ನ ತಗ್ಗಿಸುತ್ತೆ, ನಂಬಿ), ಮಾತಿಲ್ಲ, ನಾನೂ ಉಸಿರು ಬಿಗಿಹಿಡಿದು ಮೆಲ್ಲಗೆ ಸಿರಿಂಜ್ ತಳ್ತೀನಿ. ನೋಡ್ತಿದ್ರೆ ನೋಡೋ ಭಾಗಕ್ಕೆ ರಕ್ತ ಏರುತ್ತೆ, ಮಾತಾಡಿದ್ರೆ ಮಾತಿನ ಭಾಗಕ್ಕೆ.

ಇದನ್ನ ಮೊದಲು ಕಿವಿಯಾರೆ ಕೇಳ್ಕೊಂಡ ಪೇಶೆಂಟು ವಾಲ್ಟರ್ ಕೆ. ಅಂತ ಒಬ್ಬ ನಾವಿಕ. ತಲೆ ಹಿಂಭಾಗದಲ್ಲಿ, ನೋಟದ ಜಾಗದ ಮೇಲೇ, ರಕ್ತನಾಳಗಳ ಗಂಟು. ಬಾಸ್ಟನ್ನಲ್ಲಿ ಹಾರ್ವಿ ಕುಶಿಂಗ್ ಅನ್ನೋ ಸರ್ಜನ್ ಆಪರೇಷನ್‌ಗೆ ಇಳಿದ್ರೂ ಗಂಟು ತೆಗೆಯೋಕಾಗ್ಲಿಲ್ಲ, ಬುರುಡೆ ಮೂಳೆ ತೆಗೆದ ಜಾಗ ಹಾಗೇ ಉಳೀತು. ತಲೇಲಿ ಯಾವಾಗ್ಲೂ ಗುಂಯ್ ಅನ್ನುತ್ತೆ, ಕಣ್ಣಿಗೆ ಕೆಲಸ ಕೊಟ್ರೆ ಜಾಸ್ತಿ ಆಗುತ್ತೆ ಅಂದ ಅವನು. ಜಾನ್ ಫುಲ್ಟನ್ ಅನ್ನೋ ಡಾಕ್ಟ್ರು ಅಲ್ಲಿ ಸ್ಟೆತಸ್ಕೋಪ್ ಇಟ್ಟು ಕೂತ್ರು. ಪೇಪರ್ ಓದು ಅಂದ್ರೆ ಸದ್ದು ಏರ್ತಿತ್ತು, ಹೊಗೆಸೊಪ್ಪು ಮೂಸು ಅಂದ್ರೆ ಏನೂ ಇಲ್ಲ. 1928ರಲ್ಲಿ ಬರೆದ್ರು. ಮಷೀನಿಲ್ಲ, ಐಸೋಟೋಪಿಲ್ಲ, ಒಬ್ಬ ಮನುಷ್ಯ ತನ್ನ ತಲೆಯೊಳಗೆ ರಕ್ತ ಓಡೋ ಸದ್ದನ್ನ ಕೇಳಿಸ್ಕೊಂಡು ಹೇಳಿದ, ಇನ್ನೊಬ್ಬ ನಂಬಿ ಕಿವಿ ಕೊಟ್ಟ. ನಮ್ಮ ಡಿಪಾರ್ಟ್‌ಮೆಂಟಲ್ಲಿ ನಂಬಿಕೆ ಇಷ್ಟು ಸುಲಭವಾಗಿ ಸಿಗಲ್ಲ.

ಮೇಷ್ಟ್ರ ಕಥೆಗೆ ಬರ್ತೀನಿ. ಅವರಿಗೆ ಮಾತು ತಡವರಿಸ್ತಿತ್ತು. ಗಡ್ಡೆ ಇದ್ದಿದ್ದೇ ಮಾತಿನ ಜಾಗದ ನೆರೇಲಿ. ನೀರು ಅನ್ನೋಕೆ ಹೋಗಿ ಲೋಟ ಅಂತಿದ್ರು, ತಪ್ಪು ಅಂತ ಅವರಿಗೇ ಗೊತ್ತಾಗಿ ಕೈ ಒದರ್ಕೋತಿದ್ರು, ತಪ್ಪು ಉತ್ತರ ಹೇಳಿದ ಹುಡುಗನ್ನ ನೋಡೋ ಥರ. ಮಂದ ಬೆಳಕಲ್ಲಿ ಮಲಗ್ಸಿ, "ಅಮ್ಮ, ಏನೂ ಮಾತಾಡ್ಬೇಡಿ, ಏನೂ ಯೋಚನೆ ಮಾಡ್ಬೇಡಿ" ಅಂದೆ. ಎಂಥ ಮೂರ್ಖ ಸೂಚನೆ ನೋಡಿ, ತಲೇಲಿ ಗಡ್ಡೆ ಇಟ್ಕೊಂಡಿರೋರಿಗೆ ಯೋಚನೆ ಮಾಡ್ಬೇಡಿ ಅಂತ. ಸಿರಿಂಜ್ ಮುಕ್ಕಾಲು ತಳ್ಳಿದ್ದೆ, ಬಾಗಿಲು ಕಿರ್ ಅಂತು, ಮಗನ ತಲೆ. "ಸಿಸ್ಟರ್, ಅಮ್ಮಂಗೆ ಕಾಫಿ ಕೊಡಬಹುದಾ?" ಕಣ್ಣಲ್ಲೇ ಆಚೆ ಕಳಿಸ್ದೆ. ಅಮ್ಮ ಕದಲಲಿಲ್ಲ, ತಿರುಗಿನೂ ನೋಡಲಿಲ್ಲ, ತುಟಿ ಮಾತ್ರ ಸಣ್ಣಗೆ ಆಡ್ತಿತ್ತು, ದೇವರ ಹೆಸರು ಅಂದ್ಕೊಂಡೆ.

ಸ್ಕ್ಯಾನ್ ಮುಗಿದ ಮೇಲೆ ಚಿತ್ರಗಳು ಪರದೆ ಮೇಲೆ ಬಂದ್ವು. ಆ ಹೊಳಪಿನ ಜಾಗದಲ್ಲಿ ಏನು ಕಾಣ್ತು ಅಂತ ಇಲ್ಲಿ ಬರೆಯಲ್ಲ, ಅದು ಅವರ ಮನೆ ವಿಷಯ. ಇನ್ನೊಂದು ಹೇಳ್ತೀನಿ: ಗಡ್ಡೆ ಎಡಗಡೆ ಮುಂದೆ, ಮಂಕಾಗಿ ಕಂಡಿದ್ದು ಬಲಗಡೆ ಹಿಂದೆ, ಕೆಳಗಿರೋ ಚಿಕ್ಕ ಮೆದುಳು, ಸೆರಿಬೆಲ್ಲಮ್ಮು. ಅಲ್ಲಿ ಗಡ್ಡೆನೂ ಇಲ್ಲ ಗಾಯನೂ ಇಲ್ಲ, ನಕ್ಷೇಲಿ ಎಲ್ಲಾ ಸರಿ. ಎಡ ಮುಂಭಾಗಕ್ಕೂ ಬಲಗಡೆ ಸೆರಿಬೆಲ್ಲಮ್ಮಿಗೂ ತಂತಿ ಅಡ್ಡ ಹಾಯ್ದು ಸೇರಿದೆ, ಅಲ್ಲಿಂದ ಸುದ್ದಿ ಬರೋದು ನಿಂತ್ರೆ ಇಲ್ಲಿ ಕೆಲಸ ಕಮ್ಮಿ, ಕೆಲಸ ಕಮ್ಮಿಯಾದ್ರೆ ರಕ್ತನೂ ಕಮ್ಮಿ. ಡಯಾಸ್ಕಿಸಿಸ್ ಅಂತಾರೆ. ಬೀಗರ ಮನೇಲಿ ಸಾವಾದ್ರೆ ಇಲ್ಲಿ ಒಲೆ ಹಚ್ಚದ ಹಾಗೆ. ಪುಸ್ತಕದಲ್ಲಿ ಓದಿದ್ದೆ, ಅವತ್ತು ಅಷ್ಟು ಸ್ಪಷ್ಟವಾಗಿ ನೋಡಿದ್ದು.

ನಾನು ಬಾಯಿ ತೆರ್ಕೊಂಡು ಪರದೆ ನೋಡ್ತಿರಬೇಕಾದ್ರೆ ಮೇಷ್ಟ್ರು ವೀಲ್‌ಚೇರಲ್ಲಿ ಹಿಂದೆ ಬಂದು ನಿಂತಿದ್ರು. ಬೆರಳು ತೋರ್ಸಿ, ಒಂದೊಂದೇ ಮಾತು ಹೆಕ್ಕಿ ಹೆಕ್ಕಿ ಕೇಳಿದ್ರು.

"ಸೂಜಿ... ಆಗ... ಮಗ್ಗಿ. ಮನಸ್ಸಲ್ಲಿ. ಹದಿಮೂರರ ಮಗ್ಗಿ." ಸ್ವಲ್ಪ ಸುಧಾರಿಸ್ಕೊಂಡು, "ಬಂತಾ?"

ಬಂತಾ! ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ್ದು ಅವರೊಬ್ರೇ. ದುಡ್ಡಲ್ಲ, ವಿಕಿರಣ ಅಲ್ಲ, ಎಮ್ಮಾರೈ ಅಲ್ಲ, ಈ ಚಿತ್ರದಲ್ಲಿರೋದು ಆ ಹೊತ್ತಿನ ನಾನು ತಾನೆ, ಹಾಗಾದ್ರೆ ನಾನು ಮಾಡ್ತಿದ್ದಿದ್ದು ಇದರಲ್ಲಿ ಇದೆಯಾ ಅಂತ. ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತೆ ಅಂತ ನಾನು ಅವರಿಗೆ ಹೇಳಿರಲೇ ಇಲ್ಲ, ತೋಟದ ಪಾಠ ಎಲ್ಲಾ ಮಗನಿಗೆ ಮಾಡಿದ್ದೆ, ಅವರು ಪಕ್ಕದ ಬೆಂಚಲ್ಲಿ ಕೂತು ಕೇಳಿಸ್ಕೊಂಡಿದ್ರು.

ಇಲ್ಲಮ್ಮ, ಒಂದು ಚಿತ್ರದಲ್ಲಿ ಮಗ್ಗಿ ಗುರುತಿಸೋಕಾಗಲ್ಲ, ಅಷ್ಟು ಸೂಕ್ಷ್ಮ ಇಲ್ಲ ಇದು ಅಂದೆ. ಸರಿ ಅನ್ನೋ ಹಾಗೆ ತಲೆ ಆಡ್ಸಿದ್ರು, ಮಷೀನಿಗೆ ಪಾಸ್ ಮಾರ್ಕ್ಸ್ ಕೊಟ್ಟ ಹಾಗಿತ್ತು, ಅದಕ್ಕಿಂತ ಜಾಸ್ತಿ ಇಲ್ಲ.

ಪೇಶೆಂಟ್ ಶೀಟಲ್ಲಿ ರಿಮಾರ್ಕ್ಸ್ ಅಂತ ಒಂದು ಸಾಲಿರುತ್ತೆ, ಕೆಮ್ಮಿದ್ರು, ನಿದ್ದೆ ಹೋದ್ರು ಅಂತೆಲ್ಲ ಬರೀತೀವಿ. "ಇಂಜೆಕ್ಷನ್ ಸಮಯದಲ್ಲಿ ಮನಸ್ಸಿನಲ್ಲಿ 13ರ ಮಗ್ಗಿ" ಅಂತ ಬರೆದೆ. ಸಂಜೆ ಥೀಸಿಸ್ ಹುಡುಗಿ ಓದಿ ನಗ್ತಾಳೆ ಅಂದ್ಕೊಂಡಿದ್ದೆ, ನಗಲಿಲ್ಲ. ಎಡಗಡೆ ಆ ಜಾಗನ ಇನ್ನೊಂದ್ಸಲ ದೊಡ್ಡದು ಮಾಡಿ ನೋಡಿದ್ಲು. ಆಮೇಲೆ ನನ್ ಕಡೆ ತಿರುಗಿ, "ಎಲ್ಲೀವರೆಗೆ ಬಂತಂತೆ, ಪೂರ್ತಿ ಹೇಳಿದ್ರಂತಾ?" ಅಂದ್ಲು.

ನಾನು ಕೇಳಿರಲಿಲ್ಲ.